ಯಾರ ಪುಸ್ತಕದಲ್ಲಿ ಯಾರ ಹೆಸರು

ಅಕ್ಕ ತಿರುಮಕೂಡಲು ನರಸೀಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆ. ತಮ್ಮ ನಂಜನಗೂಡಿನ ಕಡೆಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತ. ಒಬ್ಬರ ಕೈಯಲ್ಲಿ ಮನೆಮನೆಯ ಸರ್ವೆ ಪುಸ್ತಕ, ಇನ್ನೊಬ್ಬರ ಕೈಯಲ್ಲಿ ಹಾಜರಿ ಪುಸ್ತಕ. ಮಹಾಲಯದ ಎಡೆಗೆಂದು ತಮ್ಮ ಅಕ್ಕನ ಮನೆಗೆ ಬಂದಿದ್ದ ದಿನ ಊಟವಾದ ಮೇಲೆ ನಡೆದ ಮಾತು ಇದು.

ತಮ್ಮ: ಹೋದ ವಾರ ನಮ್ಮಲ್ಲಿ ಸೇಫ್ಟಿ ಟ್ರೈನಿಂಗ್ ಇತ್ತು ಕಣಕ್ಕ. ಅಮೆರಿಕದ ಒಂದು ಹಂದಿಮಾಂಸದ ಫ್ಯಾಕ್ಟರಿ ಕತೆ ಹೇಳಿದ್ರು. ಸೌತ್ ಡಕೋಟಾ ಅನ್ನೋ ರಾಜ್ಯ, ಸೂ ಫಾಲ್ಸ್ ಅಂತ ಊರು, ಸ್ಮಿತ್‌ಫೀಲ್ಡ್ ಕಂಪನಿ. 3,700 ಜನ ಕೆಲಸ ಮಾಡೋ ಜಾಗ. 2020ರ ಏಪ್ರಿಲ್ ಮಧ್ಯದಲ್ಲಿ ಬೀಗ ಹಾಕೋ ಹೊತ್ತಿಗೆ ಕೋವಿಡ್ ಅಂಟಿದೋರು ನೂರುಗಟ್ಟಲೆ.

ಅಕ್ಕ: ಅದೇ ಏಪ್ರಿಲ್ಲಲ್ವೇನ್ಲಾ ನಂಜನಗೂಡಲ್ಲೂ ಆಗಿದ್ದು?

ತಮ್ಮ: ಅದಕ್ಕೇ ತೂಕಡಿಸ್ತಿದ್ದೋನು ಎದ್ದು ಕೂತೆ. ಅಲ್ಲಿ ಭುಜಕ್ಕೆ ಭುಜ ತಾಗಿಸ್ಕೊಂಡು ನಿಂತು ಮಾಂಸ ಕತ್ತರಿಸೋರಲ್ಲಿ ಬೇಜಾನ್ ಜನ ಬೇರೆ ದೇಶದಿಂದ ಬಂದೋರು. ಆ ಒಂದು ಫ್ಯಾಕ್ಟರೀಲೇ 40 ಭಾಷೆ, ನೇಪಾಳಿ ಸಮೇತ. ಲೆಕ್ಕ ಸಿಕ್ಕ ರಾಜ್ಯಗಳದ್ದು ತಗೊಂಡ್ರೆ ಮಾಂಸ, ಕೋಳಿ ಫ್ಯಾಕ್ಟರಿಗಳಲ್ಲಿ ಮೆಕ್ಸಿಕೊ, ಗ್ವಾಟೆಮಾಲಾ ಕಡೆ ಮೂಲದೋರು, ಲ್ಯಾಟಿನೊ ಅಂತಾರಲ್ಲ, ಅವರು ಶೇ 30ರ ಆಸುಪಾಸು. ಅವರ ರೋಗ ನಿಯಂತ್ರಣ ಸಂಸ್ಥೆ, ಸಿ.ಡಿ.ಸಿ., ಜುಲೈನಲ್ಲಿ ಕೊಟ್ಟ ಲೆಕ್ಕದಲ್ಲಿ ರೋಗ ಬಂದೋರ ಪೈಕಿ ಅವರೇ ಶೇ 56. ಬಿಳಿಯರು ಶೇ 13.

ಅಕ್ಕ: ಯಾಕೆ, ಆ ರೋಗಕ್ಕೆ ಮೈಬಣ್ಣ ಕಾಣ್ತದಾ?

ತಮ್ಮ: ಮೈಬಣ್ಣ ಕಾಣಲ್ಲ, ಯಾರು ಎಲ್ಲಿ ನಿಂತಿದಾರೆ ಅನ್ನೋದು ಕಾಣುತ್ತೆ. ಆಫೀಸಲ್ಲಿ ಕೂರೋನು ಲ್ಯಾಪ್‌ಟಾಪ್ ಎತ್ಕೊಂಡು ಮನೆಗೆ ಹೋದ. ಹಂದಿ ಕತ್ತರಿಸೋನು ಹಂದೀನ ಎತ್ಕೊಂಡು ಹೋಗೋಕಾಗುತ್ತಾ? ಅದೂ ಅಲ್ದೆ ಏಪ್ರಿಲ್ 28ಕ್ಕೆ ಟ್ರಂಪ್ ಆದೇಶ ಮಾಡಿದ, ದೇಶಕ್ಕೆ ಮಾಂಸ ಬೇಕು, ಫ್ಯಾಕ್ಟರಿ ನಡೀಬೇಕು ಅಂತ. ಆ ವರ್ಷ ಒಂದರಲ್ಲೇ ಲ್ಯಾಟಿನೊಗಳ ಸರಾಸರಿ ಆಯುಸ್ಸು 4 ವರ್ಷ ಇಳೀತು, 81.9 ಇದ್ದದ್ದು 77.9ಕ್ಕೆ.

ಅಕ್ಕ: ಅಲ್ಲೀದು ಬುಡು, ಅದು ನಿಮ್ಮ ಟ್ರೈನಿಂಗಿನೋರು ಹೇಳಿದ್ದು. ನಂಜನಗೂಡಿಂದು ನೀನೇ ಕಂಡಿದ್ದು ಹೇಳು.

ತಮ್ಮ: ಲಾಕ್‌ಡೌನ್ ಶುರುವಾಗಿ ಎರಡನೇ ದಿನ, 2020ರ ಮಾರ್ಚ್ 26. ಜುಬಿಲಂಟ್ ಔಷಧ ಫ್ಯಾಕ್ಟರಿ ನೌಕರರೊಬ್ಬರಿಗೆ ಪಾಸಿಟಿವ್ ಬಂತು. ಆಗ ಒಬ್ಬೊಬ್ರಿಗೂ ಒಂದು ನಂಬರು, ಇವರು ಪಿ-52. ವಿದೇಶಕ್ಕೆ ಹೋಗಿ ಬಂದೋರಲ್ಲ. ಆಮೇಲೆ ಫ್ಯಾಕ್ಟರಿಯೋರು, ಅವರ ಮನೆಯೋರು ಅಂತ 70 ದಾಟ್ತು. ಚೀನಾದಿಂದ ಬಂದ ಸರಕಿನ ಮೇಲೆ ಅನುಮಾನ ಬಂದು ಸ್ಯಾಂಪಲ್ ಪುಣೆಗೆ ಹೋಯ್ತು, ಅದರಲ್ಲಿ ವೈರಸ್ ಸಿಗಲಿಲ್ಲ. ಹರ್ಷ ಗುಪ್ತ ಅಂತ ಐ.ಎ.ಎಸ್. ಅಧಿಕಾರೀನ ತನಿಖೆಗೆ ಹಾಕಿದ್ರು. ಎಲ್ಲಿಂದ ಬಂತು ಅಂತ ಕೇಳಿದ್ರೆ ಇವತ್ತೂ ಟೀ ಅಂಗಡೀಲಿ ಬಾಯಿಗೊಂದು ಉತ್ತರ.

ಅಕ್ಕ: ಸತ್ತೋರೆಷ್ಟು ಜನ?

ತಮ್ಮ: ಆ ಗುಂಪಲ್ಲಿ ಒಬ್ರೂ ಇಲ್ಲ. ಮೇ ಮಧ್ಯದ ಹೊತ್ತಿಗೆ ಜಿಲ್ಲೆಯ 90 ರೋಗಿಗಳೂ ವಾಸಿಯಾಗಿ ಮನೆ ಸೇರಿದ್ರು.

ಅಕ್ಕ: ಹೆಂಗೆ ಉಳ್ಕೊಂಡ್ರು ಅಂತ ಯಾವತ್ತಾರ ಯೋಚ್ನೆ ಮಾಡಿದ್ದೀಯಾ? ಔಷಧ ಇರ್ಲಿಲ್ಲ, ಲಸಿಕೆ ಇರ್ಲಿಲ್ಲ.

ತಮ್ಮ: ವಯಸ್ಸಿನೋರು ಜಾಸ್ತಿ ಇರ್ಲಿಲ್ಲ ಅನ್ನೋದು ಒಂದು. ಇನ್ನೊಂದು, ಪಟ್ಟಿ ಇತ್ತು ಕಣಕ್ಕ. ಯಾರು ಯಾವ ಶಿಫ್ಟು, ಯಾವ ಬಸ್ಸು, ಮನೆ ಎಲ್ಲಿ, ಫೋನ್ ನಂಬರ್ ಏನು, ಎಲ್ಲಾ ಕಂಪ್ಯೂಟರಲ್ಲಿ. ಸಾವಿರಕ್ಕೂ ಹೆಚ್ಚು ಜನಾನ ಹುಡುಕಿ ಮನೇಲಿ ಕೂರಿಸಿದ್ರು, ಟೆಸ್ಟ್ ಮಾಡಿದ್ರು, ಜ್ವರ ಬಂದೋರನ್ನ ಮೈಸೂರಿಗೆ ಒಯ್ದ್ರು. ಸರ್ಕಾರಕ್ಕೆ ಹೆಸರು ಗೊತ್ತಿತ್ತು.

ಅಕ್ಕ: ನಾನು ಹೇಳೋದೂ ಅದೇಯ. ಹೆಸರು ಬರಕೊಂಡಿದ್ರೆ ಜೀವ ಉಳೀತದೆ.

ತಮ್ಮ: ಅಷ್ಟು ಸಲೀಸಾಗಿ ಹೇಳಬೇಡ. ಆ ಪಟ್ಟೀಲಿ ಹೆಸರಿದ್ದೋರ ಪಾಡು ನಾನು ನೋಡಿದೀನಿ. ಕೈ ಮೇಲೆ ಅಳಿಸದ ಸೀಲು. ಮನೆ ಬಾಗಿಲಿಗೆ ನೋಟಿಸು. ಬಾಡಿಗೆ ಮನೆಯೋನು ಖಾಲಿ ಮಾಡು ಅಂದ. ಅಂಗಡಿಯೋನು ದುಡ್ಡನ್ನ ತಟ್ಟೇಲಿ ಹಾಕು ಅಂದ. ಜುಬಿಲಂಟ್ ಅಂತಲ್ಲ, ನಂಜನಗೂಡು ಅಂದ್ರೆ ಸಾಕು. ನಿಮ್ಮೂರೋರು ಊರ ಬಾಯಿಗೆ ಮುಳ್ಳು ಕಡಿದು ಹಾಕಿದ್ರಲ್ಲ, ಮರೆತ್ಯಾ? ದೊಡ್ಡ ಜಾತ್ರೆ ನಿಂತ ವರ್ಷ ಅದು. ನಂಜುಂಡೇಶ್ವರನ ತೇರೇ ಹೊರಡಲಿಲ್ಲ, ನಂಜನಗೂಡಿನೋನನ್ನ ಯಾರು ಒಳಕ್ಕೆ ಬಿಟ್ಕೋತಾರೆ? ಪಟ್ಟೀಲಿ ಹೆಸರಿರೋದು ಅಂದ್ರೆ ಸವಲತ್ತಿಗೂ ಇರಬಹುದು, ಸಂಶಯಕ್ಕೂ ಇರಬಹುದು.

ಅಕ್ಕ: ಆಯ್ತು, ಅವಮಾನ ಆಯ್ತು ಅನ್ನು. ಅವಮಾನ ಆದೋನು ಎದುರಿಗೆ ನಿಂತು ಬಯ್ಯಕ್ಕಾರ ಉಳ್ಕೊಂಡ. ಈಗ ನಿಂಗೆ ಎರಡನೇ ಅಲೇದು ಕೇಳ್ತೀನಿ. ನಮ್ಮೂರಿಂದ ಗಾರೆ ಕೆಲಸಕ್ಕೆ, ಫ್ಯಾಕ್ಟರಿ ಲೋಡಿಂಗಿಗೆ, ಹೌಸ್‌ಕೀಪಿಂಗಿಗೆ ಅಂತ ಹೋಗೋರು ಎಷ್ಟು ಜನ ಇದ್ರು? ಅವರು ನಿಮ್ಮ ಯಾವ ಪುಸ್ತಕದಲ್ಲಿ ಇದ್ರು?

ತಮ್ಮ: ಕಂಟ್ರಾಕ್ಟರ್ ಪುಸ್ತಕದಲ್ಲಿ.

ಅಕ್ಕ: ಅದ್ರಲ್ಲಿ ಇದ್ರಾ?

ತಮ್ಮ: ಕೆಲವರು ಇದ್ರು, ಕೆಲವರು ಇರ್ಲಿಲ್ಲ. ಒಂದು ಫ್ಯಾಕ್ಟರಿ ಅಂತ ಹೇಳಲ್ಲ, ಇದು ಎಲ್ಲಾ ಕಡೆ ನಡೆಯೋ ಲೆಕ್ಕ. ಆಗ ಇದ್ದ ಗುತ್ತಿಗೆ ಕಾರ್ಮಿಕರ ಕಾಯ್ದೆ 1970ರದ್ದು. 20 ಜನ ಇದ್ರೆ ಕಂಟ್ರಾಕ್ಟರಿಗೆ ಲೈಸೆನ್ಸು ಬೇಕಿತ್ತು. ಅದಕ್ಕೇ ಕೆಲವು ಪುಸ್ತಕಗಳಲ್ಲಿ ಹೆಸರು 19ಕ್ಕೆ ನಿಂತುಬಿಡ್ತಿತ್ತು. ಗೇಟಿನೊಳಕ್ಕೆ ಹೋಗ್ತಿದ್ದೋರು ಮೂವತ್ತು.

ಅಕ್ಕ: ಮಿಕ್ಕೋರು?

ತಮ್ಮ: ಮಿಕ್ಕೋರು ಗೇಟ್ ಪಾಸಲ್ಲಿ ಬರ್ತಾರೆ, ದಿನದ ಚೀಟಿ. ಸಾಯಂಕಾಲ ಅದು ಕಸದ ಬುಟ್ಟಿಗೆ. ಇನ್ನು ಪುಸ್ತಕದಲ್ಲಿ ಇರೋರ ಕತೆ ಕೇಳು. ತಿಂಗಳಿಗೆ 21,000ದ ಒಳಗೆ ಸಂಬಳ ಇರೋನಿಗೆ ಇ.ಎಸ್.ಐ. ಅನ್ನೋ ಕಾರ್ಮಿಕರ ವಿಮೆ ಉಂಟು. ಅವನ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನದು ಮೂರೂಕಾಲು. ಕಾಯಿಲೆ ಬಿದ್ರೆ ಮನೇಲಿ ಕೂತ್ರೂ ಕೂಲಿಯ ಶೇ 70 ಸಿಗುತ್ತೆ. ಆದ್ರೆ ಆರು ತಿಂಗಳ ಲೆಕ್ಕದಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಕಂಟ್ರಾಕ್ಟರು ಎರಡು ತಿಂಗಳಾದ ಮೇಲೆ ಹೆಸರು ಕಿತ್ತು ಹಾಕ್ತಾನೆ. ಹದಿನೈದು ದಿನ ಬಿಟ್ಟು ಅದೇ ಮನುಷ್ಯ, ಹೊಸ ಜಾಯಿನಿಂಗು, ಕೆಲವು ಸಲ ಹೊಸ ಐ.ಪಿ. ನಂಬರು, ಅಂದ್ರೆ ಇ.ಎಸ್.ಐ. ವಿಮೆ ನಂಬರು. ನಂಬರು ಬದಲಾದ್ರೆ ಹಳೇದು ಹೊಸದು ಕೂಡಲ್ಲ. 78 ಯಾವತ್ತೂ ತುಂಬಲ್ಲ.

ಅಕ್ಕ: ದುಡ್ಡು ಹಿಡಿದಿರ್ತಾರಲ್ಲ?

ತಮ್ಮ: ಹಿಡಿದಿರ್ತಾರೆ. ಪೇ ಸ್ಲಿಪ್ ಕೊಡೋ ಪುಣ್ಯಾತ್ಮ ಆದ್ರೆ ಅದ್ರಲ್ಲೂ ಕಾಣುತ್ತೆ. ಕೋವಿಡ್ಡಲ್ಲಿ ತೀರಿಕೊಂಡ ಇ.ಎಸ್.ಐ. ಕಾರ್ಮಿಕನ ಮನೆಯೋರಿಗೆ ಅವನ ಸರಾಸರಿ ಕೂಲಿಯ ಶೇ 90 ಕೊಡ್ತೀವಿ ಅಂತ ಕೇಂದ್ರದೋರು ಯೋಜನೆ ಮಾಡಿದ್ರು. ಒಳ್ಳೇ ಯೋಜನೆ. ಆದ್ರೆ ಯೋಜನೆ ಬಂದಾಗ ಹಿಂದಿನ ಒಂದು ವರ್ಷದಲ್ಲಿ 70 ದಿನದ ವಂತಿಗೆ ಕಾಣಬೇಕಿತ್ತು, ರೋಗ ಗೊತ್ತಾಗೋ ಮೂರು ತಿಂಗಳ ಮುಂಚೇನೇ ನೋಂದಣಿ ಆಗಿರಬೇಕಿತ್ತು. ಹಾಜರಿ ಪುಸ್ತಕದಲ್ಲಿ ಅಲ್ಲೊಂದು ಇಲ್ಲೊಂದು ಖಾಲಿ ಬಿಟ್ಟ ಗೆರೆ ಇರುತ್ತಲ್ಲ, ಒಂದು ಕುಟುಂಬದ ಪಿಂಚಣಿ ಅದರಲ್ಲಿ ಕಳೆದುಹೋಗ್ತಿತ್ತು.

ಅಕ್ಕ: ಇನ್ನು ಆ ಹಿಂದಿ ಹುಡುಗರು?

ತಮ್ಮ: ಬಿಹಾರ, ಒಡಿಶಾ, ಜಾರ್ಖಂಡಿನೋರು. ತಾಂಡ್ಯ, ತಾಂಡವಪುರದ ಕಡೆ ಶೀಟಿನ ಮನೆ, ಒಂದೊಂದು ರೂಮಿಗೆ ಎಂಟು ಹತ್ತು ಜನ. ಡೇ ಶಿಫ್ಟಿನೋನು ಎದ್ದ ಚಾಪೆ ಮೇಲೆ ನೈಟ್ ಶಿಫ್ಟಿನೋನು ಮಲಗ್ತಾನೆ. ದೂರ ದೂರ ಇರಿ ಅಂತ ಆಟೋದಲ್ಲಿ ಮೈಕ್ ಕೂಗ್ತಿತ್ತು, ಕನ್ನಡದಲ್ಲಿ. ಆಗ ಅವರಿಗೆ 1979ರ ಕಾಯ್ದೆ ಇತ್ತು, ಹೊರ ರಾಜ್ಯದಿಂದ ಕಂಟ್ರಾಕ್ಟರು ಕರ್ಕೊಂಡು ಬಂದ್ರೆ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕು ಅಂತ. ಟೈಮ್ ಆಫೀಸಲ್ಲಿ ಕೂತು ಇಷ್ಟು ವರ್ಷ ಆಯ್ತು, ಅಂಥ ಪಾಸ್‌ಬುಕ್ ನನ್ನ ಕಣ್ಣಿಗೆ ಬಿದ್ದಿಲ್ಲ. 2020ರ ಮೇನಲ್ಲಿ ಊರಿಗೆ ಹೋಗ್ತೀವಿ ಅಂದ್ರು. ಆಗ ನಮ್ಮ ಸರ್ಕಾರ ಏನು ಮಾಡ್ತು ನೆನಪಿದೆಯಾ? ಮುಖ್ಯಮಂತ್ರಿ ಯಡಿಯೂರಪ್ಪನವರು ಬಿಲ್ಡರುಗಳ ಜೊತೆ ಸಭೆ ಮಾಡಿದ್ರು, ಆ ಬೆನ್ನಲ್ಲೇ ರೈಲು ಬೇಡ ಅಂತ ರೈಲ್ವೆಗೆ ಕಾಗದ ಹೋಯ್ತು. ದೇಶ ಎಲ್ಲಾ ಉಗಿದ ಮೇಲೆ ಎರಡೇ ದಿನದಲ್ಲಿ ತೀರ್ಮಾನ ವಾಪಸ್ಸು.

ಅಕ್ಕ: ಟ್ರಂಪ್ ಆದೇಶ, ಇದು, ಎರಡೂ ಒಂದೇ ಅಲ್ವೇನ್ಲಾ.

ತಮ್ಮ: ಒಂದೇ ಜಾತಿಯವು. ಆ ಮೇ ತಿಂಗಳಲ್ಲೇ 22ನೇ ತಾರೀಖು ಇನ್ನೊಂದು ಆದೇಶ, ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಬಹುದು ಅಂತ. ಜೂನ್ 11ಕ್ಕೆ ವಾಪಸ್ ತಗೊಂಡ್ರು. ಸೆಪ್ಟೆಂಬರಲ್ಲಿ ಲೋಕಸಭೇಲಿ ಕೇಳಿದ್ರು, ನಡ್ಕೊಂಡು ಹೋಗ್ತಾ ಸತ್ತ ವಲಸೆ ಕಾರ್ಮಿಕರು ಎಷ್ಟು ಅಂತ. ಅಂಥ ಅಂಕಿ ಅಂಶ ಇಟ್ಟಿಲ್ಲ ಅಂತ ಕಾರ್ಮಿಕ ಸಚಿವಾಲಯ ಉತ್ತರ ಕೊಡ್ತು.

ಅಕ್ಕ: ಬರಕೊಳ್ದೇ ಇದ್ರೆ ಸತ್ತಿಲ್ಲ ಅಂತ್ಲೇ ಲೆಕ್ಕ. ಈಗ ನಾನು ಹೇಳ್ತೀನಿ ಕೇಳು, 2021ರ ಏಪ್ರಿಲ್ ಕೊನೇದು. 27ರಿಂದ ಕರ್ಫ್ಯೂ. ಗಾರ್ಮೆಂಟ್ಸ್ ಬುಟ್ಟು ಮಿಕ್ಕ ಫ್ಯಾಕ್ಟರಿ ನಡೀಬೋದು, ಕಟ್ಟಡದ ಕೆಲಸ ನಡೀಬೋದು. ಬಸ್ಸು ಮಾತ್ರ ನಡೀಕೂಡ್ದು! ಇದನ್ನ ಯಾವ ಪುಣ್ಯಾತ್ಮ ಬರೆದ್ನೋ. ನಮ್ಮೂರ ಹುಡುಗ್ರು ತರಕಾರಿ ತುಂಬೋ ಟೆಂಪೋದಲ್ಲಿ ನಿಂತ್ಕೊಂಡು ಹೋದ್ರು, ಟಾರ್ಪಾಲ್ ಎಳ್ಕೊಂಡು, ಪೊಲೀಸ್ರಿಗೆ ಕಾಣ್ದಂಗೆ. ಒಬ್ಬ ಕೆಮ್ಮಿದ್ರೆ ಅಷ್ಟೂ ಜನದ ಮೂಗಿಗೆ. ಹದಿನೈದು ದಿನದಲ್ಲಿ ಕೇರಿ ಕೇರಿಗೆ ಜ್ವರ.

ತಮ್ಮ: ಮನೇಲಿ ಬೇರೆ ಇರಿ ಅಂದ್ರೆ...

ಅಕ್ಕ: ಯಾವ ಮನೇಲ್ಲಾ? ಆಶ್ರಯ ಮನೆ, ಒಂದು ರೂಮು, ಒಂದು ಒಲೆ ಮೂಲೆ. ರೋಗಿಗೆ ಬೇರೆ ಕೋಣೆ, ಬೇರೆ ಕಕ್ಕಸ್ಸು ಅದೆಯಾ ಅಂತ ಟಿಕ್ ಹಾಕೋ ಫಾರಂ ಕೊಟ್ಟಿದ್ರು ನಂಗೆ. ಟಿಕ್ ಹಾಕೋಕೆ ಹೋದ್ರೆ ಅಜ್ಜಿ, ಮೊಮ್ಮಕ್ಕಳು, ಕರ ಹಾಕಿದ ಹಸ, ಎಲ್ಲಾ ಒಂದೇ ಸೂರಿನ ಕೆಳಗೆ. ಆಮೇಲೆ ಹಾಸ್ಟೆಲ್ಲುಗಳನ್ನ ಕೋವಿಡ್ ಕೇರ್ ಸೆಂಟರ್ ಮಾಡಿದ್ರು. ಜನ ಹೋಗ್ಲಿಲ್ಲ. ಹೋದೋರು ಬರಲ್ಲ, ಹೆಣಾನೂ ಕೊಡಲ್ಲ ಅಂತ ಭಯ. ಟೆಸ್ಟ್ ಮಾಡಿಸಿದ್ರೆ ತಾನೇ ಒಯ್ಯೋದು ಅಂತ ಟೆಸ್ಟಿಗೇ ಬರ್ಲಿಲ್ಲ. ನಾನು ಆಕ್ಸಿಮೀಟರ್ ಹಿಡ್ಕೊಂಡು ಹೋದ್ರೆ ಹಿಂದಿನ ಬಾಗಿಲಲ್ಲಿ ಹೊಲಕ್ಕೆ ಹೋಗ್ಬುಡೋರು.

ತಮ್ಮ: ನೋಡು, ಪಟ್ಟೀಗೆ ಹೆದರೋದು ಅಂದ್ರೆ ಇದೇ. ಅಮೆರಿಕದಲ್ಲೂ ಹಿಂಗೇ ಅಂತೆ. ಕಾಗದ ಸರಿ ಇಲ್ಲದ ಲ್ಯಾಟಿನೊಗಳು ಆಸ್ಪತ್ರೇಲಿ ಹೆಸರು ಬರೆಸಿದ್ರೆ ಎಲ್ಲಿ ಹಿಡಿದು ಗಡಿ ಆಚೆ ಬಿಡ್ತಾರೋ ಅಂತ ಮನೇಲೇ ಕೆಮ್ಮಿಕೊಂಡು ಇದ್ರು. 2020ರ ಫೆಬ್ರವರಿಯಲ್ಲೇ ಒಂದು ನಿಯಮ ಜಾರಿಗೆ ಬಂದಿತ್ತು, ಸರ್ಕಾರದ ಸಹಾಯ ತಗೊಂಡಿದ್ರೆ ಗ್ರೀನ್ ಕಾರ್ಡ್ ಸಿಗೋದು ಕಷ್ಟ ಅಂತ. ಬಹುಪಾಲು ಜನಕ್ಕೆ 1,200 ಡಾಲರ್ ಚೆಕ್ ಕೊಟ್ರಲ್ಲ, ಅದು ಸೋಷಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದೋರಿಗಿಲ್ಲ. ಅಂಥೋರ ಜೊತೆ ಜಂಟಿಯಾಗಿ ತೆರಿಗೆ ಲೆಕ್ಕ ಕೊಟ್ಟ ಗಂಡನಿಗೋ ಹೆಂಡ್ತಿಗೋ ಆ ನಂಬರ್ ಇದ್ರೂ ಮೊದಲ ಸಲ ಸಿಗಲಿಲ್ಲ. ತೆರಿಗೆ ಕಟ್ಟೋಕೆ ಅವರ ಹೆಸರು ಉಂಟು, ಚೆಕ್ ಈಸ್ಕೊಳ್ಳೋಕೆ ಇಲ್ಲ.

ಅಕ್ಕ: ನಮ್ಮೋರು ಈ ದೇಶದೋರೇ ಅಲ್ವಾ? ಆಧಾರ್ ಅದೆ, ಓಟು ಅದೆ, ಪಡಿತರ ಚೀಟಿ ಅದೆ. ಆದ್ರೂ ಹೆದರಿದ್ರು ಅಂದ್ರೆ ಸರ್ಕಾರ ಅನ್ನೋದು ಅವರ ಮನೆ ಬಾಗಿಲಿಗೆ ಮುಂಚೆ ಯಾವ ವೇಷದಲ್ಲಿ ಬಂದಿತ್ತು ಅಂತ ಕೇಳ್ಕೋಬೇಕು. ಮಗೂಗೆ ಲಸಿಕೆ ಹಾಕೋಕೆ ನಾನು ಹೋದ್ರೆ ಯಾರೂ ಓಡೋಗಲ್ಲ. ಬಸುರಿ ಹೆಂಗಸ್ರು ತಾವೇ ಕರೆದು ಹೇಳ್ತಾರೆ. ಆ ಪುಸ್ತಕದಲ್ಲಿ ಹೆಸರು ಇರೋದ್ರಿಂದ ಏನು ಸಿಗ್ತದೆ ಅಂತ ಅವರಿಗೆ ಹತ್ತು ವರ್ಷದಿಂದ ಗೊತ್ತು. ಕೋವಿಡ್ ಪುಸ್ತಕದಿಂದ ಏನು ಸಿಗ್ತದೆ ಅಂತ ಯಾರೂ ಹೇಳ್ಲಿಲ್ಲ, ಹೇಳೋಕೆ ನಂಗೂ ಗೊತ್ತಿರ್ಲಿಲ್ಲ.

ತಮ್ಮ: ಆ ಮೇ 2ರ ರಾತ್ರಿ ಚಾಮರಾಜನಗರದ ಆಸ್ಪತ್ರೇದು ಆದ ಮೇಲಂತೂ ಯಾರು ನಂಬ್ತಾರೆ.

ಅಕ್ಕ: ನಮ್ಮೂರಿಂದ ಕೊಟ್ಟು ತಂದ ಮನೆಗಳೇ ಅಲ್ಲಿರೋದು. 24 ಜೀವ. ಮೈಸೂರಿಂದ ಆಕ್ಸಿಜನ್ ಸಿಲಿಂಡರ್ ಬರ್ತದೆ, ಬರ್ತದೆ ಅಂತ ಕಾಯ್ತಾ ಕಾಯ್ತಾ. ಆಕ್ಸಿಜನ್ ಇಲ್ದೇ ಸತ್ತೋರು ಮೂರೇ ಜನ ಅಂತ ಮೊದಲು ಅಂದ್ರು. ಆಮೇಲೆ ಹೈಕೋರ್ಟ್ ನೇಮಿಸಿದ ಸಮಿತಿ ಬಂದು, ಕೊರತೆಯಿಂದ್ಲೇ ಸತ್ತಿದ್ದು ಅಂತ ಬರೀತು. ಮೈಸೂರು ನಮ್ಮೂರಿಗೆ ಒಂದು ಗಂಟೆ ದಾರಿ. ದೊಡ್ಡಾಸ್ಪತ್ರೆ ಅಲ್ಲೇ, ಇ.ಎಸ್.ಐ. ಆಸ್ಪತ್ರೆ ಅಲ್ಲೇ, ಸಿಲಿಂಡರೂ ಅಲ್ಲೇ. ಉಸಿರು ಕಟ್ಟಿದೋನು ಮಾತ್ರ ಇಲ್ಲಿ.

ತಮ್ಮ: ಔಷಧದ ಕಂಪನಿ ನಂಜನಗೂಡಲ್ಲೇ ಇತ್ತಲ್ಲಕ್ಕ! ಅದನ್ನ ಹೇಳಿದ್ರೆ ನಗು ಬರುತ್ತೆ, ನಗೋ ವಿಷಯ ಅಲ್ಲ. 2020ರ ಮೇನಲ್ಲಿ ಅಮೆರಿಕದ ಗಿಲಿಯಡ್ ಕಂಪನಿ ರೆಮ್‌ಡೆಸಿವಿರ್ ಮಾಡೋಕೆ ಲೈಸೆನ್ಸ್ ಕೊಟ್ಟ ಕಂಪನಿಗಳಲ್ಲಿ ಜುಬಿಲಂಟೂ ಒಂದು. ಆಗಸ್ಟಲ್ಲಿ ಮಾರುಕಟ್ಟೆಗೆ ಬಂತು, 100 ಮಿಲಿಗ್ರಾಂ ಸೀಸೆಗೆ 4,700 ರೂಪಾಯಿ.

(ನಂಜನಗೂಡಿಗೆ ಮದ್ದಿನ ನಂಟು ಹೊಸದಲ್ಲ. ಟಿಪ್ಪುವಿನ ಆನೆಯ ಕಣ್ಣು ವಾಸಿಮಾಡಿದನೆಂಬ ಐತಿಹ್ಯದಿಂದ ದೇವರೇ ಹಕೀಂ ನಂಜುಂಡನೆನಿಸಿಕೊಂಡ ಊರು. ಬಿ.ವಿ. ಪಂಡಿತರ ಸದ್ವೈದ್ಯಶಾಲೆಯ ಹಲ್ಲುಪುಡಿ ಕನ್ನಡನಾಡಿನ ಬಚ್ಚಲುಮನೆಗಳನ್ನು ಹೊಕ್ಕಿದ್ದೂ ಇಲ್ಲಿಂದಲೇ. ಹಕೀಮನ ಬಾಗಿಲಲ್ಲಿ ಬೆಲೆಪಟ್ಟಿ ಇರಲಿಲ್ಲ ಎನ್ನುವುದಷ್ಟೇ ವ್ಯತ್ಯಾಸ.)

ಅಕ್ಕ: ಒಬ್ಬನಿಗೆ ಎಷ್ಟು ಸೀಸೆ ಬೇಕಾಗ್ತಿತ್ತು?

ತಮ್ಮ: ಐದು ದಿನಕ್ಕೆ ಆರು. 28,200 ರೂಪಾಯಿ. ಆ ವರ್ಷ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 275. ಭಾಗಿಸಿ ನೋಡು, 102 ದಿನ ದಾಟುತ್ತೆ. ಆಗ ಸರ್ಕಾರ ಒಂದು ಮನೆಗೆ ವರ್ಷಕ್ಕೆ ಖಾತ್ರಿ ಕೊಡ್ತಿದ್ದದ್ದೇ 100 ದಿನ.

ಅಕ್ಕ: ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ ಕೊಡ್ತಿದ್ರಲ್ಲ.

ತಮ್ಮ: ಇದ್ದಾಗ ಕೊಟ್ರು. 2021ರ ಏಪ್ರಿಲ್ಲಲ್ಲಿ ಇರ್ಲಿಲ್ಲ. ಬ್ಲಾಕಲ್ಲಿ ಸಿಗ್ತಿತ್ತು. ಇನ್ನೊಂದು ಮಾತು, 2020ರ ನವೆಂಬರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಈ ಔಷಧ ಕೊಡಬೇಡಿ, ಇದರಿಂದ ಜೀವ ಉಳಿಯುತ್ತೆ ಅನ್ನೋಕೆ ಸಾಕ್ಷಿ ಸಾಲದು ಅಂದಿತ್ತು. ಆ ಮಾತು ಇಂಗ್ಲಿಷಲ್ಲಿ ಉಳೀತು, ಚೀಟಿ ಮಾತ್ರ ಹಳ್ಳಿಗೆ ಬಂತು. ಇದ್ದ ಹಸ ಮಾರಿ ತಂದೋರಿದಾರೆ.

ಅಕ್ಕ: ಇದಾರೆ. ಹೆಸರು ಹೇಳಲ್ಲ. ಭಾಷೆ ಅಂದ್ಯಲ್ಲ, ಲಸಿಕೆದೂ ಹಂಗೇ ಆಯ್ತು. 18 ದಾಟಿದೋರಿಗೆ 2021ರ ಮೇ 1ರಿಂದ ಅಂದ್ರು, ಮೊಬೈಲಲ್ಲಿ ಬುಕ್ ಮಾಡಿದ್ರೆ ಮಾತ್ರ. ಬುಕ್ ಮಾಡೋ ಆ ಕೋವಿನ್ ಕನ್ನಡದಲ್ಲಿ ಬಂದಿದ್ದು ಜೂನ್‌ಗೆ. ನಮ್ಮ ಆಸ್ಪತ್ರೆಗೆ ಬಂದ ಮೊದಮೊದಲ ಡೋಸು ಕಾರಲ್ಲಿ ಬಂದ ಪ್ಯಾಟೆಯೋರಿಗೆ. ಪಕ್ಕದ ಮನೆಯೋನು ಗದ್ದೇಲಿ ನಿಂತು ನೋಡ್ತಿದ್ದ. ಅದೊಂದು ಇರ್ಲಿ, ಆಮೇಲೆ ನಾವೇ ಮನೆಮನೆಗೆ ಹೋಗಿ ಹಾಕಿಸಿ ಮುಗಿಸಿದ್ವಿ. ನಂಗೆ ಸಿಟ್ಟಿರೋದು ಸತ್ತೋರ ಲೆಕ್ಕದ ಮೇಲೆ.

ತಮ್ಮ: ಹೇಳು.

ಅಕ್ಕ: ನನ್ನ ಡೈರೀಲಿ ಆ ಮೇ, ಜೂನ್‌ನಲ್ಲಿ ಸತ್ತೋರು ಮಾಮೂಲಿ ವರ್ಷಕ್ಕಿಂತ ಸುಮಾರು ಜಾಸ್ತಿ. ತಿಥಿ ಊಟ ಇಲ್ಲ, ತಮಟೆ ಇಲ್ಲ, ಬೆಳಿಗ್ಗೆ ಹೊತ್ತೋಗಿ ಮಣ್ಣು ಮಾಡಿ ಬರೋದು. ಏನಾಗಿತ್ತು ಅಂದ್ರೆ ಎದೆನೋವು, ವಯಸ್ಸಾಗಿತ್ತು, ಬಿ.ಪಿ. ಇತ್ತು. ಮುಂದೆ ಜೂನಲ್ಲಿ ಯಡಿಯೂರಪ್ಪನವರು ಹೇಳಿದ್ರು, ಬಿ.ಪಿ.ಎಲ್. ಮನೇಲಿ ದುಡಿಯೋನು ಸತ್ತಿದ್ರೆ 1 ಲಕ್ಷ ಅಂತ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ವಿಪತ್ತು ನಿಧಿಯಿಂದ 50,000. ಆಗ ಎಲ್ಲಾ ಮನೆಯೋರೂ ಬಂದ್ರು, ಆಶಾ ಅಕ್ಕ, ನಮ್ಮದೂ ಕೋವಿಡ್ಡೇ, ಬರಕೊಡು ಅಂತ. ಎಲ್ಲಿಂದ ಬರಕೊಡ್ಲಿ? ಪಾಸಿಟಿವ್ ರಿಪೋರ್ಟು ಬೇಕು, ರಿಪೋರ್ಟ್ ಬಂದ 30 ದಿನದೊಳಗೆ ಸತ್ತಿರಬೇಕು. ಟೆಸ್ಟೇ ಮಾಡಿಸ್ಲಿಲ್ವಲ್ಲ. ಬದುಕಿದ್ದಾಗ ಪುಸ್ತಕಕ್ಕೆ ಹೆದರಿ ಹೊಲಕ್ಕೆ ಓಡಿದ್ರು. ಸತ್ತ ಮೇಲೆ ಹೆಂಡ್ತಿ ಬಂದು, ಆ ಪುಸ್ತಕದಲ್ಲಿ ಹೆಂಗಾರ ಮಾಡಿ ಸೇರಿಸವ್ವ ಅಂತ ಕೈ ಹಿಡ್ಕೊಂಡ್ಳು.

ತಮ್ಮ: ದೇಶದ ಲೆಕ್ಕಾನೂ ಹಂಗೇ. 2021ರ ಕೊನೆಗೆ ಸರ್ಕಾರದ ಲೆಕ್ಕ 4.8 ಲಕ್ಷ ಸಾವು. ವಿಶ್ವ ಆರೋಗ್ಯ ಸಂಸ್ಥೆ ಮರುವರ್ಷ ಮೇನಲ್ಲಿ ಅಂದಾಜು ಕಟ್ಟಿ 47 ಲಕ್ಷ ಅಂತು. ಲೆಕ್ಕ ಹಾಕಿದ ರೀತೀನೇ ಸರಿ ಇಲ್ಲ ಅಂತ ಕೇಂದ್ರ ಸರ್ಕಾರ ತಳ್ಳಿಹಾಕ್ತು.

ಅಕ್ಕ: ಲಕ್ಷದ ಲೆಕ್ಕ ನಂಗೆ ತಿಳಿಯಲ್ಲ. ನನ್ನ ಪುಸ್ತಕದಲ್ಲಿ ಇರೋರೆಲ್ಲಾ ಸತ್ತಿರೋದು ನಿಜ. ಆ ಜೂನಲ್ಲಿ ಬೆಂಗಳೂರಲ್ಲಿ ಯಾರೂ ಬಂದು ತಗೊಂಡೋಗದ ಬೂದೀನ ಮಂತ್ರಿ ಅಶೋಕ್ ಅವರು ಬೆಳಕವಾಡಿ ಹತ್ರ ಕಾವೇರೀಲಿ ಬಿಟ್ರಲ್ಲ, 500ಕ್ಕೂ ಹೆಚ್ಚು ಜನದ್ದು. ಟಿ.ವಿ.ಲಿ ತೋರಿಸಿದ್ರು, ಒಂದೊಂದು ಗಂಟಿಗೂ ಚೀಟಿ. ಬೂದಿಗೂ ಚೀಟಿ ಇತ್ತು ಕಣ್ಲಾ. ನಮ್ಮೂರ ಮಣ್ಣಲ್ಲಿ ಇರೋರಿಗೆ ಚೀಟಿ ಇಲ್ಲ.

ತಮ್ಮ: ಚೀಟಿ ಬರೆಯೋರ ಮೇಲೂ ಒತ್ತಡ ಕಮ್ಮಿ ಇತ್ತಾ? ನಂಜನಗೂಡು ತಾಲ್ಲೂಕು ಆರೋಗ್ಯಾಧಿಕಾರಿ...

ಅಕ್ಕ: 2020ರ ಆಗಸ್ಟ್ 20, ಅವರು ಜೀವ ಕಳ್ಕೊಂಡ ದಿನ. ನೆನಪು ಮಾಡ್ಬೇಡ. ದಿನಕ್ಕೆ ಇಷ್ಟು ಟೆಸ್ಟ್ ಆಗ್ಲೇಬೇಕು ಅನ್ನೋ ಟಾರ್ಗೆಟ್ಟಿನ ಕಾಟ ಅಂತ ಡಾಕ್ಟ್ರುಗಳೆಲ್ಲಾ ಕೆಲಸ ಬುಟ್ಟು ಬೀದಿಗೆ ಬಂದಿದ್ರು. ಮೇಲಿನೋರಿಗೆ ಬೇಕಾಗಿದ್ದು ಸಂಖ್ಯೆ. ಸಂಖ್ಯೆ ಬೇರೆ, ಹೆಸರು ಬೇರೆ.

ತಮ್ಮ: ನಿಮ್ಮದು ಯಾವುದ್ರಲ್ಲಿ ಬರುತ್ತೆ?

ಅಕ್ಕ: ನಮ್ಮದಾ? ನಾವು ಕಾರ್ಯಕರ್ತೇರು, ನೌಕರರಲ್ಲ. ಸಂಬಳ ಇಲ್ಲ, ಗೌರವಧನ. ಕೋವಿಡ್ ಕಾಲ್ದಲ್ಲಿ ರಾಜ್ಯದ್ದು ತಿಂಗಳಿಗೆ 4,000, ಮಿಕ್ಕಿದ್ದು ಒಂದೊಂದು ಕೆಲಸಕ್ಕೆ ಇಷ್ಟಿಷ್ಟು ಅಂತ ಕೇಂದ್ರದ್ದು. ಒಂದು ಸಲ ಸಹಕಾರ ಸಂಘಗಳ ಕಡೆಯಿಂದ 3,000 ಕೊಟ್ರು, ಸನ್ಮಾನ ಅಂತ ಶಾಲು ಹೊದಿಸಿ. 2020ರ ಜುಲೈ 10ಕ್ಕೆ 42,000 ಆಶಾಗಳು ಮುಷ್ಕರ ಕೂತ್ವಲ್ಲ, ತಿಂಗಳಿಗೆ 12,000 ಗ್ಯಾರಂಟಿ ಮಾಡಿ ಅಂತ. ಊರಿನ ಪ್ರತಿ ಮನೇದೂ ಹೆಸರು ನನ್ನ ಪುಸ್ತಕದಲ್ಲಿ. ನನ್ನ ಹೆಸರು ಸರ್ಕಾರದ ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ.

ತಮ್ಮ: ಈಗ ಇ-ಶ್ರಮ್ ಅಂತ ಬಂದಿದೆಯಲ್ಲ. 2021ರ ಆಗಸ್ಟಿಂದ. ಎಲ್ಲಾ ಅಸಂಘಟಿತ ಕಾರ್ಮಿಕರ ಪಟ್ಟಿ. ಸುಪ್ರೀಂ ಕೋರ್ಟ್ ಗದರಿಸಿದ ಮೇಲೆ ಬಂತು.

ಅಕ್ಕ: ಮಾಡಿಸಿದೀನಿ ಸುಮಾರು ಜನಕ್ಕೆ. ಕೆಲವರದು ಆಗ್ಲಿಲ್ಲ. ನಿಮಗೆ ಪಿ.ಎಫ್., ಇ.ಎಸ್.ಐ. ಇದೆ ಅಂತ ವಾಪಸ್ ಕಳಿಸ್ತು. ಯಾವ ಕಾಲದಲ್ಲೋ ನಿಮ್ಮ ಕಂಟ್ರಾಕ್ಟರು ಎರಡು ತಿಂಗಳು ಕಟ್ಟಿ ಬುಟ್ಟ ನಂಬರು. ಇ.ಎಸ್.ಐ. ಕೇಳೋಕೋದ್ರೆ ದಿನ ಸಾಲದು, ಇ-ಶ್ರಮ್ ಕೇಳೋಕೋದ್ರೆ ಇ.ಎಸ್.ಐ. ಅದೆ. ಈಗ ಹೇಳು, ಹೆಸರು ಇದ್ರೂ ಇಲ್ಲದಂಗೆ ಮಾಡೋ ವಿದ್ಯೆ ಯಾರದು?

ತಮ್ಮ: ನೀನು ಹೇಳಿದ್ದು ಪೂರ್ತಿ ಒಪ್ಪೋಕಾಗಲ್ಲ ನಂಗೆ. ಹೆಸರು ಬರಕೊಂಡ್ರೆ ಸಾಕು ಅನ್ನೋ ಹಂಗಿದ್ರೆ ಅಷ್ಟು ದೊಡ್ಡ ಕಂಪ್ಯೂಟರ್ ಇರೋ ಅಮೆರಿಕದಲ್ಲಿ ಹಂಗಾಗ್ತಿರ್ಲಿಲ್ಲ. ಜುಬಿಲಂಟ್ ಸಮಯದಲ್ಲಿ ಅಷ್ಟೊಂದು ಮುತುವರ್ಜಿ ಯಾಕೆ ಬಂತು? ಫ್ಯಾಕ್ಟರಿಯೋನ ಜೀವ ಅಂತಲೋ, ಅವನಿಂದ ಮೈಸೂರಿಗೆ ಹರಡುತ್ತೆ ಅಂತಲೋ? ನಿಮ್ಮೂರಿನ ಜ್ವರ ಊರಲ್ಲೇ ಇರೋ ತನಕ ಯಾರಿಗೂ ತೊಂದ್ರೆ ಇರ್ಲಿಲ್ಲ.

ಅಕ್ಕ: ಅದು ನಿಜ. ಅಲ್ಲಗಳೆಯಲ್ಲ. ಆದ್ರೆ ಹೆಸರೇ ಇಲ್ಲದೋನು ಯಾರ ಹತ್ರ ಹೋಗಿ ಕೇಳ್ತಾನೆ? ಸಿಟ್ಟು ಬಂದ್ರೂ ಕೇಳೋಕೆ ಒಂದು ಚೀಟಿ ಬೇಕು. ನಿಂಗೆ ಒಂದು ಕೆಲಸ ಹೇಳ್ತೀನಿ. ನಮ್ಮೂರಿಂದ ನಿಮ್ಮ ಫ್ಯಾಕ್ಟರಿಗೆ ಬರೋ ಕಂಟ್ರಾಕ್ಟ್ ಹುಡುಗ್ರು ಎಷ್ಟು ಜನ, ಯಾರ ಕೈ ಕೆಳಗೆ, ಐ.ಪಿ. ನಂಬರ್ ಏನು, ಎಷ್ಟು ದಿನದ ಕಂತು ಬಿದ್ದಿದೆ, ಬರಕೊಂಡು ಬಾ. ನನ್ನ ಪುಸ್ತಕದಲ್ಲಿ ಅವರ ಮನೆ ಪುಟದಲ್ಲಿ ಬರ್ಕೋತೀನಿ.

ತಮ್ಮ: ಆಗಲ್ಲಕ್ಕ. ಕಂಪನಿ ದಾಖಲೆ ಹೊರಗಡೆ ಕೊಡೋ ಹಂಗಿಲ್ಲ. ನನ್ನ ಕೆಲಸ ಹೋಗುತ್ತೆ.

ಅಕ್ಕ: ದಾಖಲೆ ಬೇಡ. ಐ.ಪಿ. ನಂಬರ್ ಇದ್ರೆ ಅವರವರ ಕಂತನ್ನ ಅವರೇ ಮೊಬೈಲಲ್ಲಿ ನೋಡ್ಬೋದು ಅಂತ ನೀನೇ ಒಂದ್ಸಲ ಹೇಳಿದ್ದೆ.

ತಮ್ಮ: ನೋಡಬಹುದು. ನಂಬರ್ ಗೊತ್ತಿರಬೇಕು. ಅರ್ಧ ಜನಕ್ಕೆ ತಮ್ಮ ನಂಬರೇ ಗೊತ್ತಿಲ್ಲ. ಕಾರ್ಡ್ ಕಂಟ್ರಾಕ್ಟರ್ ಬೀರೂನಲ್ಲಿ.

ಅಕ್ಕ: ಹಂಗಾರೆ ಬೀರೂ ಬಾಗಿಲು ತೆಗೆಸ್ಬೇಕು. ಶಿಫ್ಟ್ ಬಿಡೋದು ಎಷ್ಟೊತ್ತಿಗೆ?

ತಮ್ಮ: ಎರಡೂವರೆಗೆ. ಯಾಕೆ?

ಅಕ್ಕ: ಬುಧವಾರ ಬರ್ತೀನಿ, ಗೇಟಿನ ಹೊರಗಡೆ ಟೀ ಅಂಗಡಿ ಹತ್ರ. ಒಬ್ಬಳೇ ಅಲ್ಲ, ಆ ಹುಡುಗ್ರ ಹೆಂಡ್ತೀರ್ನೂ ಕರ್ಕೊಂಡು. ಕಂಟ್ರಾಕ್ಟರ್ ಗಾಡಿ ಯಾವುದು ಅಂತ ತೋರಿಸು, ಅಷ್ಟು ಸಾಕು.

ತಮ್ಮ: ಸೆಕ್ಯೂರಿಟಿಯೋನು ಯಾರು ನೀವು ಅಂತ ಕೇಳ್ತಾನೆ. ಗೇಟ್ ಪುಸ್ತಕದಲ್ಲಿ ಬರೆಯದೆ ಬಿಡಲ್ಲ.

ಅಕ್ಕ: ಬರಕೊಳ್ಲಿ. ಹೆಸರು, ಊರು, ಬಂದ ಕಾರಣ, ಎಲ್ಲಾ ಹೇಳ್ತೀನಿ. ಕಾಗುಣಿತ ತಪ್ಪಿಲ್ದೆ ಬರೀತಾನಾ ಅಂತ ನೀನೊಸಿ ನೋಡ್ಕೊ.